ಉಬುಂಟುವಿನಲ್ಲಿ ‘ಲಾಕ್ ಸಿಗಲಿಲ್ಲ’ ಎಂದು ಬಂದರೆ ಲಾಕ್ ಫೈಲನ್ನು ಅಳಿಸಬಹುದೇ?

ನಿಮ್ಮ ಪ್ರಶ್ನೆ: ಜಮಖಂಡಿಯಲ್ಲಿ ಝೆರಾಕ್ಸ್ ಅಂಗಡಿ, ಉಬುಂಟು 22.04. ಪ್ರಿಂಟರ್ ಡ್ರೈವರ್ ಹಾಕಲು ಹೋದಾಗ ‘/ವಾರ್/ಲಿಬ್/ಡಿಪಿಕೆಜಿ/ಲಾಕ್-ಫ್ರಂಟೆಂಡ್’ ಲಾಕ್ ಸಿಗುತ್ತಿಲ್ಲ ಎಂದು ಬರುತ್ತದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೆಚ್ಚು. ಮಷಿನ್ ಆಫ್ ಮಾಡಿ ಆನ್ ಮಾಡಿದರೂ ಅದೇ ಕಥೆ. ಆ ಫೈಲನ್ನು ಅಳಿಸಿ ಎಂದು ಒಂದು ವಿಡಿಯೋದಲ್ಲಿ ಹೇಳಿದ್ದಾರೆ, ಅಳಿಸಲೇ?

ಬೇಡ. ವಿಜಯಪುರದಲ್ಲಿ ಸಣ್ಣ ಅಂಗಡಿ, ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವುದೇ ನನ್ನ ಕಸುಬು. ಈ ದೂರು ಹೊತ್ತು ತರುವವರಲ್ಲಿ ಅರ್ಧದಷ್ಟು ಮಂದಿ ಆ ಸಲಹೆಯನ್ನು ಆಗಲೇ ಪಾಲಿಸಿ ಬಂದಿರುತ್ತಾರೆ.

ಲಾಕ್ ಇರುವುದು ಫೈಲಿನಲ್ಲಿ ಅಲ್ಲ. ಫೈಲು ಬಸ್ಸಿನ ಸೀಟಿದ್ದಂತೆ; ಲಾಕ್ ಎಂದರೆ ಅದರ ಮೇಲೆ ಹಾಕಿದ ಟವೆಲ್. ಟವೆಲ್ ಹಾಕಿದ ಪ್ರೋಗ್ರಾಂ ಮುಗಿದರೆ, ಅಥವಾ ಅರ್ಧಕ್ಕೇ ಸತ್ತರೂ, ಕರ್ನಲ್ (ಉಬುಂಟುವಿನ ತಿರುಳು) ಟವೆಲನ್ನು ತಾನೇ ಎತ್ತಿಬಿಡುತ್ತದೆ. ಸೀಟು ಮಾತ್ರ ಯಾವಾಗಲೂ ಅಲ್ಲೇ ಇರುತ್ತದೆ. ಹಾಗಾಗಿ ಫೈಲು ಕಂಡಿತು ಎಂದ ಮಾತ್ರಕ್ಕೆ ಯಾರೋ ಕೂತಿದ್ದಾರೆ ಎಂದಲ್ಲ. ದೋಷ ಬಂದಿದೆ ಎಂದರೆ ಮಾತ್ರ ಬಹುಪಾಲು ಯಾರೋ ಕೂತೇ ಇದ್ದಾರೆ. ಆ ಹೊತ್ತಿಗೆ ಫೈಲನ್ನು ಅಳಿಸಿದರೆ ನಿಮ್ಮ ಆಪ್ಟ್ (ಪ್ರೋಗ್ರಾಂಗಳನ್ನು ಹಾಕುವ ಕಮಾಂಡ್) ಅದೇ ಹೆಸರಿನ ಹೊಸ ಫೈಲು ಸೃಷ್ಟಿಸಿಕೊಂಡು ಒಳಗೆ ನುಗ್ಗಬಹುದು. ಹಳೆಯದೂ ಕೆಲಸ ಮಾಡುತ್ತಿರುತ್ತದೆ. ಯಾವ ಪ್ಯಾಕೇಜ್ (ಹಾಕುವ ಪ್ರೋಗ್ರಾಂನ ಕಟ್ಟು) ಎಲ್ಲಿಯವರೆಗೆ ಕೂತಿದೆ ಎಂಬ ಲೆಕ್ಕವಿರುವ ‘ಸ್ಟೇಟಸ್’ ಫೈಲಿನಲ್ಲಿ ಇಬ್ಬರೂ ಏಕಕಾಲಕ್ಕೆ ಬರೆಯತೊಡಗಿದರೆ ಆಮೇಲಿನ ರಗಳೆ ಬೇರೆಯೇ.

ಮೊದಲು ದೋಷದ ಸಾಲನ್ನು ಕೊನೆಯವರೆಗೂ ಓದಿ. ಅಲ್ಲಿ 13 ಎಂಬ ಸಂಖ್ಯೆಯೊಂದಿಗೆ ‘ಪರ್ಮಿಷನ್ ಡಿನೈಡ್’ ಎಂದಿದ್ದರೆ ನೀವು ಕಮಾಂಡಿನ ಮುಂದೆ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಪದ) ಹಾಕುವುದನ್ನು ಮರೆತಿದ್ದೀರಿ, ಅಷ್ಟೇ. 11 ಎಂದಿದ್ದರೆ ಬೇರೆಯವರು ಹಿಡಿದಿದ್ದಾರೆ. ಉಬುಂಟು 20.04ರಿಂದ ಈಚೆಗೆ ಆ 11ರ ಬದಲು ಹಿಡಿದವರ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಸಂಖ್ಯೆ ಮತ್ತು ಹೆಸರು ಅದೇ ಸಾಲಿನಲ್ಲಿರುತ್ತದೆ. ಜನ ಓದುವುದಿಲ್ಲ, ಅದೇ ತೊಂದರೆ.

ನಿಮ್ಮಲ್ಲಿ ಆ ಹೆಸರು ಬಹುತೇಕ ‘ಅನ್‌ಅಟೆಂಡೆಡ್-ಅಪ್‌ಗ್ರ್’ ಎಂದಿರುತ್ತದೆ; ಹೆಸರು ಪೂರ್ತಿ ಹಿಡಿಸದೆ ಕತ್ತರಿಸಿರುತ್ತದೆ. ಇದು ಭದ್ರತಾ ಅಪ್‌ಡೇಟ್‌ಗಳನ್ನು ತಾನಾಗಿ ಹಾಕುವ ಸೇವೆ. ಇದರ ನಿಗದಿತ ಸಮಯ ಬೆಳಿಗ್ಗೆ 6ರ ಆಸುಪಾಸು. ಆಗ ನಿಮ್ಮ ಮಷಿನ್ ಆಫ್ ಆಗಿರುತ್ತದೆ. ತಪ್ಪಿಹೋದ ಸರದಿಯನ್ನು ಮರೆಯುವ ಜಾಯಮಾನ ಅದಕ್ಕಿಲ್ಲ. ನೀವು ಆನ್ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಶುರುವಿಟ್ಟುಕೊಳ್ಳುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಡೌನ್‌ಲೋಡ್ ಮಾಡುತ್ತಿದ್ದರೆ ಬೇಗ ಮುಗಿಯುವುದೂ ಇಲ್ಲ. ನೀವು ಮಧ್ಯದಲ್ಲಿ ಆಫ್ ಮಾಡಿದರೆ ಆ ಕೆಲಸ ಅರ್ಧಕ್ಕೇ ಉಳಿಯುತ್ತದೆ. ಬಿಡಿ, ಮುಗಿಸಲಿ.

ಹೆಸರು ‘ಆಪ್ಟ್’ ಅಥವಾ ‘ಡಿಪಿಕೆಜಿ’ (ಆಪ್ಟ್‌ನ ಕೈಕೆಳಗೆ ಪ್ಯಾಕೇಜ್ ಕೂರಿಸುವ ಪ್ರೋಗ್ರಾಂ) ಎಂದಿದ್ದರೆ ನಿಮ್ಮದೇ ಇನ್ನೊಂದು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ) ಕಿಟಕಿ ಇರಬಹುದು, ಹುಡುಕಿ. ಅಂಗಡಿಗಳಲ್ಲಿ ನಾನು ಪದೇಪದೇ ಕಾಣುವುದು ಇದನ್ನು: ಗಿರಾಕಿಗಳ ವರ್ಡ್ ಕಡತಗಳಿಗಾಗಿ ಮೈಕ್ರೋಸಾಫ್ಟ್ ಫಾಂಟ್‌ಗಳನ್ನು ಹಾಕಲು ಹೋಗಿರುತ್ತಾರೆ. ಮಧ್ಯದಲ್ಲಿ ಪರವಾನಗಿಯ ಪುಟ ತೆರೆದುಕೊಳ್ಳುತ್ತದೆ, ಕೆಳಗೆ ‘ಓಕೆ’ ಇರುತ್ತದೆ. ಮೌಸ್‌ನಿಂದ ಒತ್ತಿದರೂ ಅದು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಟ್ಯಾಬ್ ಕೀ ಒತ್ತಿ ‘ಓಕೆ’ಗೆ ಬಣ್ಣ ಬಂದ ಮೇಲೆ ಎಂಟರ್ ಒತ್ತಬೇಕು. ಇದು ಗೊತ್ತಿಲ್ಲದೆ ಆ ಕಿಟಕಿಯನ್ನು ಕೆಳಗಿಳಿಸಿ ಹೊಸ ಟರ್ಮಿನಲ್ ತೆರೆಯುತ್ತಾರೆ. ಹಳೆಯದು ಉತ್ತರಕ್ಕಾಗಿ ಕಾಯುತ್ತಾ ಲಾಕ್ ಹಿಡಿದೇ ಕೂತಿರುತ್ತದೆ.

ಡೌನ್‌ಲೋಡ್ ನಡೆಯುವಾಗ ಕಂಟ್ರೋಲ್ ಝಡ್ ಒತ್ತಿದರೂ ಅಷ್ಟೇ. ಅದರಿಂದ ಆಪ್ಟ್ ಮುಗಿಯುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ, ಲಾಕ್ ಸಮೇತ. ‘ಪಿಎಸ್ ಯು’ ಎಂದು ಬರೆದು ಮುಂದೆ ಆ ಪ್ರೊಸೆಸ್ ಸಂಖ್ಯೆ ಕೊಟ್ಟರೆ ‘ಸ್ಟ್ಯಾಟ್’ ಕಾಲಂನಲ್ಲಿ ‘ಟಿ’ ಕಾಣುತ್ತದೆ. ಅದೇ ಕಿಟಕಿಯಲ್ಲಿ ‘ಎಫ್‌ಜಿ’ ಎಂದು ಟೈಪ್ ಮಾಡಿದರೆ ಎದ್ದು ಮುಂದುವರಿಯುತ್ತದೆ. (ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.)

ಪ್ರೊಸೆಸನ್ನು ಕೊಲ್ಲುವುದು ಕೊನೆಯ ದಾರಿ. ಗಂಟೆಗಟ್ಟಲೆ ಅಲುಗಾಡದೆ ಇದ್ದರೆ ಬರೀ ‘ಸುಡೋ ಕಿಲ್’, ಮುಂದೆ ಆ ಪ್ರೊಸೆಸ್ ಸಂಖ್ಯೆ, ಸಾಕು. ಮೊದಲೇ ಬಲವಂತವಾಗಿ ಕೊಲ್ಲುವ ‘-9’ ಬೇಡ.

ಅಪ್‌ಡೇಟ್ ನಡೆಯುವಾಗಲೇ ಕರೆಂಟ್ ಹೋಗುವುದು ನಮ್ಮ ಭಾಗದ ಬೇಸಿಗೆಯಲ್ಲಿ ಹೊಸದೇನಲ್ಲ. ಆಗ ಉಳಿಯುವುದು ಲಾಕ್ ಅಲ್ಲ, ಅರ್ಧ ಕೂತ ಪ್ಯಾಕೇಜ್. ‘ಡಿಪಿಕೆಜಿ ಅರ್ಧಕ್ಕೆ ನಿಂತಿದೆ’ ಎಂಬರ್ಥದ ಬೇರೆಯೇ ಸಂದೇಶ ಬರುತ್ತದೆ. ಅದಕ್ಕೆ ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಲಾಕ್ ಫೈಲನ್ನು ಈಗಾಗಲೇ ಅಳಿಸಿದ್ದರೂ ಈ ಎರಡನ್ನೇ ಕೊಡಿ. ಫೈಲು ತಾನಾಗಿ ಮತ್ತೆ ಹುಟ್ಟುತ್ತದೆ.

ಇನ್ನು ನಿಮ್ಮ ಡ್ರೈವರ್. ಅದರ ಡೆಬ್ ಫೈಲನ್ನು (ಉಬುಂಟುವಿನ ಪ್ಯಾಕೇಜ್ ಫೈಲು) ಡಬಲ್ ಕ್ಲಿಕ್ ಮಾಡಬೇಡಿ. ಅದು ಇರುವ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ‘ಸುಡೋ ಆಪ್ಟ್ -ಒ ಡಿಪಿಕೆಜಿ::ಲಾಕ್::ಟೈಮ್‌ಔಟ್=600 ಇನ್‌ಸ್ಟಾಲ್’ ಎಂದು ಬರೆದು, ಮುಂದೆ ಚುಕ್ಕೆ, ಓರೆಗೆರೆ, ಫೈಲಿನ ಹೆಸರು ಕೊಡಿ. ಲಾಕ್ ಬಿಡುವವರೆಗೆ ಹತ್ತು ನಿಮಿಷದ ತನಕ ಅದೇ ಕಾಯುತ್ತದೆ. ಅಷ್ಟರಲ್ಲಿ ನೀವು ಗಿರಾಕಿಗಳನ್ನು ನೋಡಿಕೊಳ್ಳಬಹುದು.