ಅರ್ಜೆಂಟೀನಾದ ನೃತ್ಯಸಂಗೀತ ಟ್ಯಾಂಗೋದ ಹಾಡುಗಳಲ್ಲಿ ಬಿಟ್ಟುಹೋದವಳ ಕುರಿತ ಅಳಲೇ ಏಕೆ ಇಷ್ಟೊಂದು?

ಮೊದಲು ಹೀಗಿರಲಿಲ್ಲ. ಆರಂಭದ ಟ್ಯಾಂಗೋಗಳಲ್ಲಿ ಹೆಚ್ಚಿನವಕ್ಕೆ ಸಾಹಿತ್ಯವೇ ಇರಲಿಲ್ಲ, ಇದ್ದರೂ ತುಂಟತನ, ಬಡಾಯಿಯ ಸಾಲುಗಳು. ದಿಕ್ಕು ಬದಲಾದದ್ದು 1917ರಲ್ಲಿ, ಗಾಯಕ ಕಾರ್ಲೋಸ್ ಗಾರ್ದೆಲ್ ‘ಮಿ ನೋಚೆ ತ್ರಿಸ್ತೆ’, ಅಂದರೆ ‘ನನ್ನ ದುಃಖದ ರಾತ್ರಿ’ ಹಾಡಿದಾಗ. ಸಾಮುಯೆಲ್ ಕಾಸ್ತ್ರಿಯೋತಾನ ವಾದ್ಯಕೃತಿಗೆ ಪಾಸ್ಕುವಾಲ್ ಕೊಂತುರ್ಸಿ ಪದ ಹೊಸೆದಿದ್ದ. ಯುರೋಪಿನಿಂದ ವಲಸೆ ಬಂದ ಒಂಟಿ ಗಂಡಸರು ತುಂಬಿದ್ದ ರಾಜಧಾನಿ ಬ್ಯೂನಸ್ ಐರಿಸ್‌ಗೆ ಅದು ನಾಟಿತು.

ಅದರ ಕುಸುರಿ ಗಮನಿಸಿ. ಎದೆಯ ಗಾಯದಿಂದ ಶುರುವಾಗುವ ಹಾಡು ಮೆಲ್ಲಗೆ ಕೋಣೆಯ ಸಾಮಾನುಗಳತ್ತ ತಿರುಗುತ್ತದೆ. ಮಬ್ಬಾದ ಕನ್ನಡಿ ಅತ್ತಂತಿದೆ, ಗಿಟಾರು ಕಪಾಟಿನಲ್ಲಿ ನೇತಾಡುತ್ತಿದೆ, ದೀಪ ಬೆಳಗಲೊಲ್ಲದು. ಬಿಟ್ಟುಹೋದವಳು ಇನ್ನೂ ಇದ್ದಾಳೆ ಎಂಬಂತೆ ಹಾಡಿನ ನಾಯಕ ‘ಮಾತೆ’ ಎಂಬ ಚಹಾದಂಥ ಪಾನೀಯದ ಜೊತೆಗೆ ಬಿಸ್ಕತ್ತು ತರುತ್ತಾನಲ್ಲ, ಕರುಳು ಹಿಂಡುವುದು ಅದೇ! ಮುಂದಿನ ನೂರಾರು ಟ್ಯಾಂಗೋಗಳು ನಡೆದದ್ದು ಇದೇ ಜಾಡಿನಲ್ಲಿ.

ಅರ್ಥ ಹುಡುಕುವಾಗ ಎಡವುವುದು ಲುನ್ಫಾರ್ದೋದಲ್ಲಿ, ಅಂದರೆ ಆ ನಗರದ ಬೀದಿನುಡಿಯಲ್ಲಿ. ಮೊದಲ ಸಾಲಿನ ‘ಅಮುರಾರ್’ ಸ್ಪ್ಯಾನಿಷ್ ನಿಘಂಟಿನಲ್ಲಿ ಹಡಗಿನ ಹಾಯಿಯ ಪದ. ಇಲ್ಲಿ ‘ಕೈಬಿಟ್ಟು ಹೋಗು’. ಲುನ್ಫಾರ್ದೋ ನಿಘಂಟನ್ನೇ ನೋಡಿ. ಇನ್ನೊಂದು ತೊಡಕು: 1920–30ರ ದಶಕಗಳ ಎಷ್ಟೋ ನೃತ್ಯವಾದ್ಯವೃಂದಗಳ ಧ್ವನಿಮುದ್ರಣಗಳಲ್ಲಿ ಗಾಯಕ ಪಲ್ಲವಿಯನ್ನಷ್ಟೇ ಹಾಡುತ್ತಾನೆ, ಕಥೆ ಸಿಗುವುದಿಲ್ಲ. ಪೂರ್ಣ ಸಾಹಿತ್ಯಕ್ಕೆ ಗಿಟಾರ್ ಜೊತೆಗಿನ ಗಾರ್ದೆಲ್ ಧ್ವನಿಮುದ್ರಣಗಳಿಂದ ಶುರುಮಾಡಿ.