ಟ್ರಂಕಿನಲ್ಲಿದ್ದ ಎರಡು ಕಾಗದ

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.)

ಈರಣ್ಣ ಅವರನ್ನು ನನ್ನ ಹತ್ತಿರ ಸಮಾಲೋಚನೆಗೆ ಕರೆದುಕೊಂಡು ಬಂದಿದ್ದು ಅವರ ಹೆಂಡತಿ. "ರಾತ್ರಿ ಡ್ಯೂಟಿ ಮುಗಿಸಿ ಬರ್ತಾರ್ರಿ ಮೇಡಂ, ಆದ್ರ ಮಲಗಂಗಿಲ್ಲ. ಟ್ರಂಕ್ ತಗದು ಇಟ್ಕೊಂಡು ಕೂಡ್ತಾರ" ಅಂದರು. ಈರಣ್ಣ ತಲೆ ಬಗ್ಗಿಸಿ ಕೂತಿದ್ದರು. ಬೆನ್ನು ಮಾತ್ರ ನೆಟ್ಟಗಿತ್ತು.

ವಯಸ್ಸು 45, ಧಾರವಾಡ ಕಡೆಯವರು. ಪಿಯುಸಿ ಮುಗಿಸಿ 1998ರಲ್ಲಿ ಸೇನೆಯ ಎಂಜಿನಿಯರ್ ದಳವಾದ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದರು. 17 ವರ್ಷ ಸೇವೆ ಮಾಡಿ 2015ರಲ್ಲಿ ಲ್ಯಾನ್ಸ್ ನಾಯಕ್ (ಜವಾನನಿಗಿಂತ ಒಂದೇ ಮೆಟ್ಟಿಲು ಮೇಲಿನ ಹುದ್ದೆ) ಆಗಿ ಪಿಂಚಣಿ ಪಡೆದು ಊರಿಗೆ ಬಂದರು. ಈಗ ಒಂದು ಗೋದಾಮಿನಲ್ಲಿ ಹನ್ನೆರಡು ತಾಸಿನ ಸೆಕ್ಯುರಿಟಿ ಕೆಲಸ.

ಇದೆಲ್ಲ ಶುರುವಾಗಿದ್ದು ಮಗಳಿಂದ. ಅವಳಿಗೆ 17, ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಅಕಾಡೆಮಿಯ ಪರೀಕ್ಷೆಗೆ ಅರ್ಜಿ ತುಂಬುತ್ತಿದ್ದಳು. 2022ರಿಂದ ಹುಡುಗಿಯರಿಗೂ ಅಲ್ಲಿ ಪ್ರವೇಶ ಇದೆಯಲ್ವಾ. ಹಳೇ ಟ್ರಂಕಿನಲ್ಲಿ ಅಪ್ಪನ ಎಸ್‌ಎಸ್‌ಬಿ (ಅಧಿಕಾರಿಗಳ ಆಯ್ಕೆಗೆ ಸೇನೆ ನಡೆಸುವ ಸಂದರ್ಶನ, ಗುಂಪು ಚರ್ಚೆ) ಕರೆಪತ್ರ ಅವಳ ಕಣ್ಣಿಗೆ ಬಿತ್ತು. "ಅಪ್ಪಾ, ನಿನಗೂ ಕರೆ ಬಂದಿತ್ತು? ಯಾಕ ಹೋಗಲಿಲ್ಲ?" ಅಂತ ಕೇಳಿದಳು. "ಅದೆಲ್ಲಾ ನಮ್ಮಂಥವರಿಗಲ್ಲ" ಅಂತ ಈರಣ್ಣ ರೇಗಿಬಿಟ್ಟರು. ಅವಳು ಅರ್ಜಿ ಅರ್ಧಕ್ಕೇ ಬಿಟ್ಟಳು. ಅವತ್ತಿನಿಂದ ಇವರಿಗೆ ನಿದ್ದೆ ಇಲ್ಲ.

ಮಾಜಿ ಸೈನಿಕರು ನಿದ್ದೆ ಇಲ್ಲ ಅಂದಾಗ ನಾನು ಮೊದಲು ಬೇರೆ ಕೆಲವು ವಿಷಯ ಕೇಳುತ್ತೇನೆ. ಕಂಡ ಸಾವು, ಬೆಚ್ಚಿ ಏಳುವುದು, ಕುಡಿತ. ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ ಅಂತಲೂ ನೇರವಾಗಿ ಕೇಳುತ್ತೇನೆ. ಅಂಥ ಯೋಚನೆ ಬಂದಿಲ್ಲ ಅಂದರು. ಮಿಲಿಟರಿ ಕ್ಯಾಂಟೀನಿನಿಂದ ತಂದ ಮದ್ಯದ ಬಾಟಲಿ ಮೊದಲು ತಿಂಗಳು ಬರುತ್ತಿತ್ತಂತೆ, ಈಗ ವಾರಕ್ಕೇ ಮುಗಿಯುತ್ತಿತ್ತು. ಅದನ್ನು ಗುರುತು ಹಾಕಿಕೊಂಡೆ.

2002ರ ಆಪರೇಷನ್ ಪರಾಕ್ರಮ್ (ಪಾಕಿಸ್ತಾನದ ಗಡಿಗೆ ಸೇನೆ ಕಳಿಸಿದ್ದ ಕಾರ್ಯಾಚರಣೆ) ಬಗ್ಗೆ ಅವರು ಬಿಚ್ಚು ಮನಸ್ಸಿನಿಂದ ಮಾತಾಡಿದರು. ಗಡಿಯಲ್ಲಿ ಮೈನ್ (ನೆಲಬಾಂಬ್) ಹೂತಿದ್ದು, ಆಮೇಲೆ ಅವನ್ನೇ ಒಂದೊಂದಾಗಿ ಹುಡುಕಿ ತೆಗೆದಿದ್ದು. ನನ್ನ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡು ತೋರಿಸಿದರು. ಮೈನ್ ಹುಡುಕುವ ಕಡ್ಡಿಯನ್ನು ನೆಟ್ಟಗೆ ಚುಚ್ಚಬಾರದು, ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ನಿಧಾನಕ್ಕೆ ತೂರಿಸಬೇಕು. ಮೇಲಿಂದ ಒತ್ತಿದರೆ ಸಿಡಿಯುತ್ತದೆ, ಪಕ್ಕಕ್ಕೆ ತಾಗಿದರೆ ಬದುಕಿಕೊಂಡಿರಿ. ಅದನ್ನು ಹೇಳುವಾಗ ಅವರ ದನಿ ಸ್ವಲ್ಪವೂ ಅಲುಗಲಿಲ್ಲ. ಅವರ ನೋವು ಇರುವುದು ಅಲ್ಲಲ್ಲ ಅಂತ ನನಗೆ ಅನ್ನಿಸಿತು.

ಎರಡನೇ ಭೇಟಿಗೆ ಎರಡು ಕಾಗದ ತಂದರು. ಒಂದು, 2003ರ ಕರೆಪತ್ರ. ಸೇನೆಯಲ್ಲಿರುವ ಜವಾನರು ಅಧಿಕಾರಿಯಾಗಲು ಆರ್ಮಿ ಕೆಡೆಟ್ ಕಾಲೇಜು ಒಂದು ದಾರಿ. ಲಿಖಿತ ಪರೀಕ್ಷೆ, ಎಸ್‌ಎಸ್‌ಬಿ ಪಾಸಾದರೆ ಡೆಹ್ರಾಡೂನಿನಲ್ಲಿ ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಮಿಲಿಟರಿ ಅಕಾಡೆಮಿ. ಲಿಖಿತ ಪರೀಕ್ಷೆ ಇವರು ಪಾಸಾಗಿದ್ದರು. ಎಸ್‌ಎಸ್‌ಬಿಗೆ ಹೋಗಲಿಲ್ಲ. ಜೊತೆಗೆ ಪಾಸಾದ ಗೆಳೆಯ ಹೋದರು, ಈಗ ಲೆಫ್ಟಿನೆಂಟ್ ಕರ್ನಲ್.

ಇನ್ನೊಂದು, 2011ರಲ್ಲಿ ಬರೆದುಕೊಟ್ಟ ಕಾಗದದ ಪ್ರತಿ. ಪ್ರಮೋಷನ್ ಕೇಡರ್‌ಗೆ (ಬಡ್ತಿಗೆ ಬೇಕಾದ ತರಬೇತಿ) ತಾನು 'ಅನ್‌ವಿಲ್ಲಿಂಗ್' ಅಂತ ಸಹಿ ಮಾಡಿದ್ದು. ಕಾರಣ ಅನ್ನುವ ಕಡೆ ಎರಡೇ ಪದ: ಘರೇಲೂ ಸಮಸ್ಯೆ, ಅಂದರೆ ಮನೆಯ ತೊಂದರೆ. ಆ ಸಹಿ ಇಲ್ಲದಿದ್ದರೆ ನಾಯಕ್ ಆಗಿ, ಹವಾಲ್ದಾರ್ ಆಗಿ ಇನ್ನೂ ಎಷ್ಟೋ ವರ್ಷ ಪಲ್ಟನ್‌ನಲ್ಲಿ ಇರಬಹುದಿತ್ತು.

"ಮೊದಲನೇದು ನಮ್ಮಪ್ಪನ ಸಲುವಾಗಿ ತಪ್ಪಿತ್ರಿ. ಎರಡನೇದು ನನ್ನ ಹೇಡಿತನ" ಅಂದರು. ಎಷ್ಟೋ ವರ್ಷದಿಂದ ಅವರು ಅದನ್ನು ಹಾಗೇ ನಂಬಿದ್ದರು.

ಆ ಎರಡು ಪದದ ಹಿಂದೆ ಏನಿತ್ತು, ಮನೆಯಲ್ಲಿ ಕೂತು ಪೂರ್ತಿ ಬರೆದು ತನ್ನಿ ಅಂದೆ. ನಾಲ್ಕು ಪುಟ ಬರೆದಿದ್ದರು. ಅದರಲ್ಲಿ ಇದೂ ಇತ್ತು. 2011ರಲ್ಲಿ ರಜೆಗೆ ಬಂದಾಗ ಮಗಳಿಗೆ ಮೂರು ವರ್ಷ. ಇವರು ಎದುರಿಗೇ ಕೂತಿದ್ದಾರೆ, ಮಗು ಮಾತ್ರ ಮೊಬೈಲ್ ಕಿವಿಗಿಟ್ಟುಕೊಂಡು ಗೋಡೆ ಕಡೆ ತಿರುಗಿ "ಅಪ್ಪಾ, ಊಟ ಆತೇನು?" ಅನ್ನುತ್ತಿದೆ. ಅವಳ ಪಾಲಿಗೆ ಅಪ್ಪ ಇರುವುದು ಫೋನಿನೊಳಗೆ. ವಾಪಸ್ ಹೋದವರೇ ಕೇಡರ್ ಬೇಡ ಅಂತ ಬರೆದುಕೊಟ್ಟರು. ಸಂಬಳ, ಪಿಂಚಣಿ ಎಷ್ಟು ಕಮ್ಮಿ ಆಗುತ್ತದೆ ಅಂತ ಲೆಕ್ಕ ಹಾಕಿ, ಹೆಂಡತಿಯನ್ನು ಕೇಳಿ, ಹತ್ತು ದಿನ ಯೋಚಿಸಿ ಮಾಡಿದ ಸಹಿ ಅದು.

ನಾನು ಆ ಪುಟಗಳನ್ನು ಅವರಿಗೇ ಗಟ್ಟಿಯಾಗಿ ಓದಲು ಹೇಳಿದೆ. ಮುಗಿದ ಮೇಲೆ, "ಇದರಲ್ಲಿ ಹೇಡಿತನ ಎಲ್ಲಿದೆ, ಬೆರಳಿಟ್ಟು ತೋರಿಸಿ" ಅಂದೆ. ಪುಟ ತಿರುಗಿಸಿದರು, ಮತ್ತೆ ತಿರುಗಿಸಿದರು. ತೋರಿಸಲಿಲ್ಲ.

ಮೊದಲನೇ ಕಾಗದದ ಕಥೆ ಹೊರಗೆ ಬರಲು ಇನ್ನೂ ಒಂದು ಭೇಟಿ ಬೇಕಾಯಿತು. ಕರೆಪತ್ರ ಬಂದ ತಿಂಗಳೇ ಅಪ್ಪನಿಗೆ ಲಕ್ವಾ ಹೊಡೆದಿದ್ದು ನಿಜ. ಆದರೆ ಆ ಕಾಲೇಜಿಗೆ 27ರವರೆಗೆ ವಯಸ್ಸಿತ್ತು, ಇವರಿಗೆ ಆಗ 23. ಮುಂದಿನ ವರ್ಷಗಳಲ್ಲಿ ಅಪ್ಪ ಕೋಲು ಹಿಡಿದು ಹೊಲಕ್ಕೂ ಹೋಗುವಂತಾಗಿದ್ದರು. "ಮತ್ತೆ ಯಾಕೆ ಬರೆಯಲಿಲ್ಲ?" ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. "ಇಂಗ್ಲಿಷ್, ಮೇಡಂ. ಎಲ್ಲಾರ ನಡುವ ಬಾಯಿ ತೆರೀಲಾರದ ಕುಂತ್ರ ಮರ್ಯಾದಿ ಹೋಗ್ತದ ಅಂತ ಹೆದರಿದೆ."

ಮೈನ್ ತೆಗೆದಿದ್ದನ್ನು ಮೊದಲ ದಿನವೇ ಹೇಳಿದ ಮನುಷ್ಯ, ಈ ಒಂದು ಮಾತು ಹೇಳಲು ನಾಲ್ಕನೇ ಭೇಟಿವರೆಗೆ ಕಾದರು. ಆ ಭಯವನ್ನು ತೀರಿಹೋದ ಅಪ್ಪನ ಲೆಕ್ಕಕ್ಕೆ ಬರೆದು, ಅವರ ಮೇಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದರು. ಮನಸಾರೆ ಮಾಡಿದ ಆಯ್ಕೆಗೆ ಹೇಡಿತನ ಅಂತ ಹೆಸರಿಟ್ಟಿದ್ದರು. ಹಳೇ ನಿರ್ಧಾರಗಳನ್ನು ತಿರುಗಿ ನೋಡುವಾಗ ಈ ತರಹ ಹೆಸರು ಅದಲು ಬದಲಾಗಿದ್ದನ್ನು ನಾನು ಬೇರೆಯವರಲ್ಲೂ ಕಂಡಿದ್ದೇನೆ. ನೀವು ಹೆದರಲಿಲ್ಲ ಅಂತ ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಹೆದರಿದಿರಿ, 23ರ ಹಳ್ಳಿ ಹುಡುಗನಿಗೆ ಆ ಭಯ ಸಹಜ ಅಂದೆ. ಅತ್ತರು.

ಸಲಹೆ ಅಂತ ಕೊಟ್ಟಿದ್ದು ಸ್ವಲ್ಪವೇ. ಡ್ಯೂಟಿ ಮುಗಿದ ಮೇಲೆ ಟ್ರಂಕ್ ತೆಗೆಯಬೇಡಿ, ಕುಡಿಯಬೇಡಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ದಿನಾ ಅದೇ ಹೊತ್ತಿಗೆ ಮಲಗಿ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಮತ್ತು ಮಗಳಿಗೆ ನಿಜ ಹೇಳಿ.

ಕೆಲಸದ ವಿಷಯ ನಾನೇ ಎತ್ತಿದೆ. ಅವರ ನೋವಿನಲ್ಲಿ ಅರ್ಧದಷ್ಟು ಇವತ್ತಿನದು ಅಂತ ನನ್ನ ಲೆಕ್ಕ. ಇಪ್ಪತ್ತೈದರ ಸೂಪರ್‌ವೈಸರ್ ಅವರನ್ನು ಏಕವಚನದಲ್ಲಿ ಕೂಗುತ್ತಾನೆ. ದಿನಾ ಆ ಮಾತು ಕೇಳಿ ಬಂದವರಿಗೆ ತಪ್ಪಿಹೋದ ಅಧಿಕಾರಿಯ ಸ್ಟಾರ್‌ಗಳು ಇನ್ನೂ ಜಾಸ್ತಿ ಹೊಳೆಯುತ್ತವೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲಾತಿ ಇದೆ. ವಯಸ್ಸಿನಿಂದ ಸೇವೆಯ ವರ್ಷ ಕಳೆದು, ಉಳಿದದ್ದು ಹುದ್ದೆಯ ವಯೋಮಿತಿಗಿಂತ ಮೂರು ವರ್ಷದವರೆಗೆ ಜಾಸ್ತಿ ಇದ್ದರೂ ನಡೆಯುತ್ತದೆ. 45ರಲ್ಲಿ 17 ಹೋದರೆ 28. ಚೀಟಿಯಲ್ಲಿ ಬರೆದು ತೋರಿಸಿದೆ. "ನನಗ ಇನ್ನೂ ಇಪ್ಪತ್ತೆಂಟೇನ್ರಿ?" ಅಂತ ಮೊದಲ ಸಲ ನಕ್ಕರು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಹೆಸರು ನೋಂದಾಯಿಸಲು ಹೇಳಿದೆ, ಹೋಗಿ ಬಂದಿದ್ದಾರೆ.

ಮಗಳಿಗೂ ಹೇಳಿದರಂತೆ. ಅವಳು ಕರೆಪತ್ರ ಮಡಚುತ್ತಾ, "ನನಗೂ ಅದ ಭಯ ಐತಿ ಅಪ್ಪಾ" ಅಂದಳಂತೆ. ಅರ್ಜಿ ಕಳಿಸಿದ್ದಾಳೆ.

ನಿದ್ದೆ ಈಗ ನಾಲ್ಕು ತಾಸು ಬರುತ್ತಿದೆ. ರಾತ್ರಿ ಪಾಳಿ ಬದಲಾಗುವ ತನಕ ಅದಕ್ಕಿಂತ ಜಾಸ್ತಿ ಕಷ್ಟ. ಮೂರು ವಾರ ಬಿಟ್ಟು ಮತ್ತೆ ಬರುತ್ತಾರೆ.