ಒಂದೇ ಹಲಗೆಯ ಮೇಲೆ ಇಬ್ಬರ ಚಿತ್ತಾರ

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ನಮ್ಮದೊಂದು ಸಣ್ಣ ಕನ್ನಡ ಬಳಗ ಇದೆ. ಸಾಗರದ ಕಡೆಯ ಹಸೆ ಚಿತ್ತಾರ ಕಲಾವಿದೆಯೊಬ್ಬರನ್ನು ಕರೆಸಿ, ಇಲ್ಲಿನ ಮೂಲನಿವಾಸಿ ಕಲಾವಿದರ ಜೊತೆ ಒಂದೇ ಹಲಗೆಯ ಮೇಲೆ ಚಿತ್ರ ಬರೆಸುವ ಆಸೆ. ಐದು ದಿನಕ್ಕೆ ದುಡ್ಡು ಹೊಂದಿಸಬಹುದು. ಸಾಕೇ?

ಉತ್ತರ: ಫೋಟೋ ತೆಗೆದುಕೊಳ್ಳಲು ಸಾಕು. ಕೊಟ್ಟು ಕಲಿಯಲು ಸಾಲದು.

ಈ ಆಸೆ ಯಾಕೆ ಹುಟ್ಟಿತು ಅಂತ ಊಹಿಸಬಲ್ಲೆ. ನಮ್ಮ ದೀವರ ಸಮುದಾಯದ ಹೆಣ್ಣುಮಕ್ಕಳು ಹಸೆ ಚಿತ್ತಾರವನ್ನು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಎಳೆ ಎಳೆಯಾಗಿ ಬರೆಯುತ್ತಾರೆ. ಆಸ್ಟ್ರೇಲಿಯಾದ ಉತ್ತರ ತುದಿಯ ಆರ್ನೆಮ್ ಲ್ಯಾಂಡ್‌ನಲ್ಲೂ ಮರದ ತೊಗಟೆಯ ಮೇಲೆ ಕೆಮ್ಮಣ್ಣು, ಬಿಳಿ ಜೇಡಿ, ಇದ್ದಿಲು, ಕೂದಲೆಳೆಯಂಥ ಗೆರೆಗಳು. ನೋಡಲು ಅಕ್ಕತಂಗಿಯರ ಹಾಗೇ ಇವೆ, ಅಲ್ವಾ? ಆದರೆ ಆ ಗೆರೆಗಳಿಗೆ ಒಡೆಯರಿದ್ದಾರೆ. ಯಾವ ಕುಲದ ವಿನ್ಯಾಸವನ್ನು ಯಾರು ಬರೆಯಬಹುದು ಎಂಬುದು ಅಲ್ಲಿ ಬಲು ಕಟ್ಟುನಿಟ್ಟು.

ಜಾನ್ ಬುಲುನ್ ಬುಲುನ್ ಅಲ್ಲಿನ ಹೆಸರಾಂತ ಕಲಾವಿದರಾಗಿದ್ದರು. ಅವರ ಚಿತ್ರವೊಂದನ್ನು ಕೇಳದೆ ಬಟ್ಟೆಯ ಮೇಲೆ ಅಚ್ಚು ಹಾಕಿದ್ದರು. ಕೇಸು ನಡೆದು 1998ರಲ್ಲಿ ತೀರ್ಪು ಬಂತು: ಹಕ್ಕು ಕಲಾವಿದನದು, ಆದರೆ ಅದನ್ನು ಕುಲಕ್ಕೆ ಕೇಡಾಗದಂತೆ ಕಾಯುವ ಹೊಣೆಯೂ ಅವನದೇ. ಹಾಗಂತ ಬುಲುನ್ ಬುಲುನ್ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಚೀನಾದಿಂದ ಬಂದ ಕಲಾವಿದ ಝೌ ಶಿಯಾವೊಪಿಂಗ್ ಜೊತೆ ಸೇರಿ ಚಿತ್ರ ಬರೆದರು. ವಸ್ತು ಕಡಲಸೌತೆ, ಅಂದರೆ ಕಡಲ ತಳದಲ್ಲಿ ಬಾಳುವ ಸೌತೆಕಾಯಿಯಾಕಾರದ ಜೀವಿ! ಇಂಡೋನೇಷ್ಯಾದ ಮಕಾಸರ್ ನಾವಿಕರು ಇಪ್ಪತ್ತನೇ ಶತಮಾನದ ಆರಂಭದವರೆಗೂ ಆರ್ನೆಮ್ ಲ್ಯಾಂಡ್ ಕರಾವಳಿಗೆ ಬಂದು ಅದನ್ನು ಹಿಡಿದು ಒಣಗಿಸಿ ಒಯ್ಯುತ್ತಿದ್ದರು. ಅದು ಕೊನೆಗೆ ಸೇರುತ್ತಿದ್ದುದು ಚೀನಾದ ಅಡುಗೆಮನೆಗೆ. ಇಬ್ಬರಿಗೂ ಸೇರಿದ ಕಥೆ ನೋಡಿ. 2011ರಲ್ಲಿ ಆ ಚಿತ್ರಗಳ ಪ್ರದರ್ಶನ ಬೀಜಿಂಗ್‌ನಲ್ಲಿ ನಡೆಯಿತು. ಝೌ ಆಸ್ಟ್ರೇಲಿಯಾಕ್ಕೆ ಬಂದಿದ್ದು 1988ರಲ್ಲಿ. ನಡುವಿನ ವರ್ಷಗಳನ್ನು ನೀವೇ ಎಣಿಸಿ.

ನಿಮಗೆ ಅಷ್ಟು ವರ್ಷ ಬೇಡ, ಮೂರು ವಾರವಾದರೂ ಇರಲಿ. ಹಾಲ್ ಬಾಡಿಗೆ, ವೇದಿಕೆ, ಹಾರ ತುರಾಯಿಯ ಖರ್ಚು ಉಳಿಸಿದರೆ ಅರ್ಧ ದುಡ್ಡು ಅಲ್ಲೇ ಸಿಗುತ್ತದೆ. ಕಲಾವಿದೆ ನಿಮ್ಮಲ್ಲೊಬ್ಬರ ಮನೆಯಲ್ಲಿ ಉಳಿಯಲಿ. ಸಂಭಾವನೆ ಇಬ್ಬರಿಗೂ ಒಂದೇ ಇರಲಿ. ದುಡ್ಡು ಕೊಡುವುದಾದರೆ ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಕರೆಸಬೇಡಿ. 408 ಎಂಬ ತಾತ್ಕಾಲಿಕ ವೀಸಾ ಬಗ್ಗೆ ವಿಚಾರಿಸಿ.

ಇನ್ನೊಂದು ಮಾತು. ಮೆಲ್ಬರ್ನ್ ವುರುಂಜೆರಿ ಜನರ ನೆಲ, ಆರ್ನೆಮ್ ಲ್ಯಾಂಡ್ ಅಲ್ಲಿಂದ ಬಹಳ ದೂರ. ಮೂಲನಿವಾಸಿಗಳೆಂದರೆ ಒಂದೇ ಜನವಲ್ಲ. ಟಿಕೆಟ್ ಮಾಡಿಸುವ ಮೊದಲು ಫೆಡರೇಷನ್ ಸ್ಕ್ವೇರ್‌ನಲ್ಲಿರುವ, ಮೂಲನಿವಾಸಿ ಸಂಸ್ಕೃತಿಯ ಸಂಸ್ಥೆಯಾದ ಕೂರಿ ಹೆರಿಟೇಜ್ ಟ್ರಸ್ಟ್‌ಗೆ ಹೋಗಿ ಕೇಳಿ. ಸಾಗರದ ಕಲಾವಿದೆಯನ್ನೂ ಕೇಳಿ: ಮದುವೆಮನೆಯ ಹಸೆಯಲ್ಲಿ ಯಾವುದನ್ನು ಹೊರಗೆ ಬರೆಯಬಹುದು, ಯಾವುದು ಬೇಡ ಅಂತ.

ಒಂದೇ ಹಲಗೆ ಎಂಬ ಹಟ ಬಿಡಿ. ಎರಡು ಹಲಗೆ ಅಕ್ಕಪಕ್ಕ ಇಡಿ. ಸೇರಿ ಬರೆಯೋಣ ಅಂತ ಅವರಿಗೇ ಅನ್ನಿಸಿದರೆ ಮೂರನೆಯದನ್ನು ತಂದುಕೊಡಿ.